ಕಾರ್ಡಿನಲ್ಲಿದ್ದ ಕ್ರಾಪು

ತಾನು ಯಾರು ಎಂಬುದು ಮನುಷ್ಯನಿಗೆ ಗೊತ್ತಿದ್ದರೆ ಸಾಲದು. ಅದನ್ನು ಯಾರಾದರೂ ಬರೆದು, ಕೆಳಗೆ ರುಜು ಹಾಕಿ, ಮೇಲೆ ಒಂದು ಮೊಹರು ಒತ್ತಿಕೊಟ್ಟರೆ ಮಾತ್ರ ಅವನ ಜೀವಕ್ಕೆ ಸಮಾಧಾನ. ನಾನು ಸೀನಪ್ಪ ಎಂಬುದು ನನ್ನ ತಾಯಿಗೆ ಗೊತ್ತಿತ್ತು, ಬಂಗಾರಪೇಟೆಯ ಸ್ಟೇಷನ್ ಮಾಸ್ತರರಿಗೆ ಗೊತ್ತಿತ್ತು, ಮಾರಿಕುಪ್ಪಂ ರೈಲಿನಲ್ಲಿ ಕಡಲೆಕಾಯಿ ಮಾರುವವನಿಗೂ ಗೊತ್ತಿತ್ತು. ನನಗಂತೂ ಚಿಕ್ಕಂದಿನಿಂದಲೂ ಗೊತ್ತು. ಆದರೂ ಬೆಂಗಳೂರಿನಿಂದ ನನ್ನ ಹೆಸರಿನ ಪ್ರೆಸ್ ಕಾರ್ಡು ಬಂದ ದಿನ ಅದನ್ನು ಮೂರು ಸಲ ಓದಿ, ಕನ್ನಡಿಯ ಮುಂದೆ ಹಿಡಿದು, ಹೌದು ನಾನೇ ಎಂದು ಖಾತ್ರಿ ಮಾಡಿಕೊಂಡೆ. ಆ ಅಂಗೈಯಗಲದ ರಟ್ಟಿನ ವಿಷಯ ಹೇಳಲು ಕೂತರೆ ಈಗಲೂ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಇದು ಜಂಬ ಎಂದು ನೀವು ಅಂದುಕೊಂಡರೆ ನನ್ನ ಆಕ್ಷೇಪಣೆಯೇನೂ ಇಲ್ಲ. ಜಂಬವೇ.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಬೆಂಗಳೂರಿನ ಒಂದು ದಿನಪತ್ರಿಕೆಗೆ ಬಂಗಾರಪೇಟೆಯ ಮತ್ತು ಚಿನ್ನದ ಗಣಿ ಪ್ರದೇಶದ ವರದಿಗಾರನಾಗಿದ್ದೆ. ವರದಿಗಾರ ಎಂದ ಕೂಡಲೇ ಟೇಬಲ್ಲು, ಫ್ಯಾನು, ಟೆಲಿಫೋನು ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಆ ಕಾಲಕ್ಕೆ ನಮ್ಮಂಥ ಊರುಗಳಲ್ಲಿ ಪತ್ರಿಕೆಯ ಏಜೆಂಟನೇ ಪತ್ರಿಕೆಯ ವರದಿಗಾರ. ಬೆಳಗಿನ ರೈಲಿಗೆ ಬೆಂಗಳೂರಿನಿಂದ ಪೇಪರಿನ ಕಟ್ಟು ಬರುತ್ತಿತ್ತು. ಅದನ್ನು ಪ್ಲಾಟ್‌ಫಾರಮಿನ ಮೇಲೇ ಬಿಚ್ಚಿ, ಬಂಗಾರಪೇಟೆಗೆ ಬೇಕಾದಷ್ಟು ತೆಗೆದಿಟ್ಟು, ಉಳಿದದ್ದನ್ನು ಹೆಗಲಿಗೇರಿಸಿ ಮಾರಿಕುಪ್ಪಂ ರೈಲು ಹತ್ತುತ್ತಿದ್ದೆ. ಗಣಿಯ ಊರಿನಲ್ಲಿ ಇಳಿದು, ನಂದಿದುರ್ಗದ ಕಡೆ ಕಾರ್ಮಿಕರ ಮನೆಗಳಿದ್ದ ಲೈನುಗಳಲ್ಲಿ ಪೇಪರು ಮಾರಿಕೊಂಡು ಹೋಗುವುದು; ಮಾರುತ್ತ ಮಾರುತ್ತ ಸುದ್ದಿ ಕೇಳಿಕೊಳ್ಳುವುದು; ಮಧ್ಯಾಹ್ನ ಅದನ್ನು ಬರೆದು ಬೆಂಗಳೂರಿನ ರೈಲಿಗೆ ಕೊಟ್ಟು ಕಳಿಸುವುದು; ಮರುದಿನವೋ ಅದರ ಮರುದಿನವೋ ಅದು ಅಚ್ಚಾಗಿ ಬಂದಾಗ ಅದನ್ನೇ ಹೆಗಲಿಗೇರಿಸಿ, ಯಾರ ವಿಷಯ ಬರೆದಿದ್ದೆನೋ ಅವರಿಗೇ ಮಾರುವುದು. ಇಷ್ಟು ನನ್ನ ಪತ್ರಿಕೋದ್ಯಮ.

ಇದರಲ್ಲಿರುವ ಕಷ್ಟ ಬೆಂಗಳೂರಿನ ವರದಿಗಾರರಿಗೆ ಅರ್ಥವಾಗುವುದಿಲ್ಲ. ಅವರು ವಿಧಾನಸೌಧದಲ್ಲಿ ಕೇಳಿದ್ದನ್ನು ಬರೆದು ಮನೆಗೆ ಹೋಗಿ ಮಲಗಿಬಿಡುತ್ತಾರೆ. ಅದನ್ನು ಓದಿದವರು ಎಲ್ಲಿದ್ದಾರೋ ಇವರಿಗೆ ಗೊತ್ತಿಲ್ಲ, ಬರೆದವರು ಯಾರೋ ಅವರಿಗೆ ಗೊತ್ತಿಲ್ಲ. ನನಗೆ ಹಾಗಲ್ಲ. ನಂದಿದುರ್ಗದ ಕಡೆ ಒಂದು ಟೀ ಅಂಗಡಿ ಇತ್ತು. ಅಲ್ಲಿ ಬೆಳಗಿನ ಪಾಳಿಗೆ ಹೋಗುವವರೂ ರಾತ್ರಿ ಪಾಳಿ ಮುಗಿಸಿ ಬಂದವರೂ ಸೇರುತ್ತಿದ್ದರು. ಅಂಗಡಿಯವರು ನನ್ನ ವರದಿಯನ್ನು ಗಟ್ಟಿಯಾಗಿ ಕನ್ನಡದಲ್ಲಿ ಓದುವರು. ಬೆಂಚಿನ ಆ ತುದಿಯಲ್ಲಿ ಕೂತ ಒಬ್ಬರು ಅದನ್ನು ತಮಿಳಿಗೆ ತಿರುಗಿಸುವರು, ಈ ತುದಿಯವರು ತೆಲುಗಿಗೆ. ತಿರುಗಿಸುವಾಗ ತಮಗೆ ಸರಿ ಕಂಡದ್ದನ್ನು ಸೇರಿಸುವ ಹಕ್ಕೂ ಅವರಿಗಿತ್ತು. ಬೆಂಚಿನ ಎರಡು ತುದಿ ಮುಟ್ಟುವಷ್ಟರಲ್ಲಿ ನನ್ನ ನಾಲ್ಕು ಸಾಲಿನ ಸುದ್ದಿ ಅರ್ಧ ಗಂಟೆಯ ಕಥೆಯಾಗುತ್ತಿತ್ತು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿ, ಏನ್ ಸೀನಪ್ಪ, ಇದೆಲ್ಲ ನಿಜವೇ ಎಂದು ವಿಚಾರಣೆ ನಡೆಸುತ್ತಿದ್ದರು. ಚಿಲ್ಲರೆ ಎಣಿಸಿ ಕೊಡುತ್ತ ನಾನು ಜವಾಬು ಹೇಳಬೇಕು. ಸುಳ್ಳು ಬರೆದಿದ್ದರೆ ಮಾರನೆಯ ದಿನ ಆ ಕಡೆ ತಲೆ ಹಾಕುವಂತಿರಲಿಲ್ಲ.

ನಮ್ಮ ಕಡೆ ಒಬ್ಬರು ಮುಖಂಡರಿದ್ದರು. ಅವರ ಹೆಸರು ಬೇಡ, ಮೊಮ್ಮಕ್ಕಳು ತುಂಬಾ ಒಳ್ಳೆಯವರು. ಮುಖಂಡರೂ ಕೆಟ್ಟವರೇನಲ್ಲ, ಎದುರಿಗೆ ಜನ ಸೇರಿದರೆ ಅವರ ಕೈ ತಾನಾಗಿ ಮೇಲೇಳುತ್ತಿತ್ತು, ಕೈ ಮೇಲೆದ್ದರೆ ಬಾಯಿಂದ ಒಂದು ಭರವಸೆ ಹೊರಬೀಳುತ್ತಿತ್ತು, ಅಷ್ಟೆ. ಚುನಾವಣೆಯ ಮುಂಚೆ ಒಂದು ಸಂಜೆ, ಲೈನುಗಳೆಲ್ಲ ಮುಗಿದ ಮೇಲೆ ಬೆಳೆದಿದ್ದ ಗುಡಿಸಲುಗಳ ಸಾಲಿನ ಮುಂದೆ ಅವರ ಸಭೆ. ಆ ಸಾಲಿಗೆ ಕೊನೇ ಲೈನು ಎಂದು ಹೆಸರು. ಅಲ್ಲಿಗೆ ನೀರಿರಲಿಲ್ಲ. ಅದು ಊರಿಗೆ ಸೇರಿದ್ದು ಎಂದು ಗಣಿಯ ಕಡೆಯವರು, ಗಣಿಗೆ ಸೇರಿದ್ದು ಎಂದು ಊರಿನ ಕಡೆಯವರು ಹೇಳುತ್ತಿದ್ದರು. ಹೆಂಗಸರು ಬಿಂದಿಗೆ ಹೊತ್ತು ಎಲ್ಲೆಲ್ಲಿಂದಲೋ ನೀರು ತರುತ್ತಿದ್ದರು. ಮುಖಂಡರು ಆವತ್ತು ಕೈ ಮೇಲೆತ್ತಿ, ಬರುವ ಯುಗಾದಿಯೊಳಗೆ ಈ ಲೈನಿಗೆ ಕೊಳಾಯಿ ಬರುತ್ತದೆ, ಬರದಿದ್ದರೆ ನನ್ನನ್ನು ಕೇಳಿ ಎಂದರು. ಕೊಳಾಯಿ ಎಂಬ ಮಾತನ್ನು ನಮ್ಮ ಕಡೆ ಯಾವ ಭಾಷೆಯವರಿಗೂ ಬಿಡಿಸಿ ಹೇಳಬೇಕಿಲ್ಲ. ಮೂರು ಭಾಷೆಯವರೂ ಒಟ್ಟಿಗೇ ಚಪ್ಪಾಳೆ ತಟ್ಟಿದರು. ನಾನು ಹಾಗೆಯೇ ಬರೆದೆ, ಪತ್ರಿಕೆ ಹಾಗೆಯೇ ಹಾಕಿತು, ಮುಖಂಡರು ಗೆದ್ದರು.

ಯುಗಾದಿ ಬಂತು, ಬೇವು ಬೆಲ್ಲ ಬಂತು, ಕೊಳಾಯಿ ಬರಲಿಲ್ಲ. ಜನ ಹೋಗಿ ಕೇಳಿದರು. ಮುಖಂಡರು ಬಹಳ ಆಶ್ಚರ್ಯಪಟ್ಟರಂತೆ. ನಾನು ಹಾಗೆ ಹೇಳಿಯೇ ಇಲ್ಲ, ಅದೆಲ್ಲ ಆ ಬಂಗಾರಪೇಟೆಯ ಪೇಪರು ಮಾರುವವನು ಬರೆದದ್ದು, ಅವನ ಬಳಿ ಪತ್ರಿಕೆಯವರು ಕೊಟ್ಟ ಕಾರ್ಡು ಇದೆಯೇ ಕೇಳಿ, ಹೆಗಲಿಗೆ ಕಟ್ಟು ಹಾಕಿಕೊಂಡವನೆಲ್ಲ ವರದಿಗಾರನಾಗಿಬಿಡುತ್ತಾನೆಯೇ ಎಂದು ಕೇಳಿದರಂತೆ. ಅಲ್ಲಿಗೇ ಬಿಡದೆ ಬೆಂಗಳೂರಿಗೆ ಹೋದಾಗ ನಮ್ಮ ಸಂಪಾದಕರಿಗೂ ಅದನ್ನೇ ಹೇಳಿದರು. ಜೊತೆಗೆ, ಏಜೆನ್ಸಿ ನಡೆಸಲು ತಮ್ಮ ಅಕ್ಕನ ಮಗ ಒಬ್ಬ ಒಳ್ಳೆಯ ಹುಡುಗನಿದ್ದಾನೆ ಎಂದೂ ಸೂಚಿಸಿದರು.

ಕೊನೇ ಲೈನಿನ ಜನ ಅವರ ಮಾತನ್ನು ನಂಬಲಿಲ್ಲ. ಇದರಿಂದ ನನಗೆ ಸಂತೋಷವಾಗಬೇಕಿತ್ತು. ಆದರೆ ಜನ ಮುಖಂಡರನ್ನು ನಂಬದೆ ನನ್ನನ್ನು ನಂಬಿದ್ದರಿಂದ, ಕೊಳಾಯಿ ಕೊಡುವ ಜವಾಬ್ದಾರಿಯೂ ಮುಖಂಡರಿಂದ ನನಗೇ ವರ್ಗವಾಯಿತು. ಅಲ್ಲಿ ಕುಪ್ಪಮ್ಮ ಎಂದು ಒಬ್ಬಳಿದ್ದಳು. ಗಂಡ ಗಣಿಯಲ್ಲಿ ಕೆಲಸಕ್ಕಿದ್ದ, ಇವಳು ಇಡೀ ಸಾಲಿನ ಯಜಮಾನಿಕೆ ನಡೆಸುತ್ತಿದ್ದಳು. ನನ್ನ ತಾಯಿಗಿಂತ ಸ್ವಲ್ಪ ಚಿಕ್ಕವಳು, ದನಿ ಮಾತ್ರ ಗಣಿಯ ಸೈರನ್ನಿಗೆ ಸಮ. ಆಕೆ ಕೊಳಾಯಿಯ ಸುದ್ದಿ ಇದ್ದ ಪೇಪರನ್ನು ಗುಡಿಸಲ ಗೋಡೆಗೆ ಗಂಜಿ ಹಚ್ಚಿ ಅಂಟಿಸಿದ್ದಳು. ದಿನಾ ಬೆಳಿಗ್ಗೆ ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡು ನನ್ನನ್ನು ಅಡ್ಡಗಟ್ಟಿ, “ಏನಪ್ಪಾ ಪೇಪರಪ್ಪ, ಕೊಳಾಯಿ ಎಲ್ಲಪ್ಪಾ?” ಎಂದು ಕೇಳುವಳು. ಹೇಳಿದವರು ಅವರು ಕುಪ್ಪಮ್ಮ, ನಾನು ಬರೆದವನು ಅಷ್ಟೆ ಎಂದರೆ ಅದು ಅವಳಿಗೆ ಒಪ್ಪಿಗೆಯಾಗುತ್ತಿರಲಿಲ್ಲ. “ಅವ್ರು ಯೇಳಿದ್ದು ಗಾಳೀಗೋಯ್ತು. ನೀನು ಬರ್ದಿದ್ದು ನಮ್ಮ ಗೋಡೆ ಮ್ಯಾಲೈತೆ” ಎನ್ನುತ್ತಿದ್ದಳು. ಪತ್ರಿಕೆಯ ವಿಶ್ವಾಸಾರ್ಹತೆಯ ಬಗ್ಗೆ ಆಮೇಲೆ ನಾನು ಎಷ್ಟೋ ಭಾಷಣ ಕೇಳಿದ್ದೇನೆ. ಇಷ್ಟು ಚಿಕ್ಕದಾಗಿ ಯಾರೂ ಹೇಳಲಿಲ್ಲ.

ಸಂಪಾದಕರು ನನ್ನನ್ನು ಬೆಂಗಳೂರಿಗೆ ಕರೆಸಿದರು. ಅವರದು ಮಿತವಾದ ಮಾತು, ಕನ್ನಡಕದ ಮೇಲಿನಿಂದ ನೋಡುವ ಅಭ್ಯಾಸ. ಆ ನೋಟದ ಕೆಳಗೆ ನಿಂತವನಿಗೆ ತಾನು ಎಲ್ಲೋ ಒಂದು ಮಹಾಪ್ರಾಣ ಬಿಟ್ಟಿದ್ದೇನೆ ಎನಿಸುತ್ತಿತ್ತು. “ಅವರು ಹೇಳಿದ್ದನ್ನ ನೀವೇ ಕೇಳಿದಿರಾ?” ಎಂದರು. “ಕೇಳಿದೆ ಸಾರ್” ಎಂದೆ. ತಿದ್ದುಪಡಿ ಹಾಕುವುದಿಲ್ಲ ಎಂದರು. ನಾನು ಉಸಿರು ಬಿಡುವಷ್ಟರಲ್ಲಿ, ಮುಖಂಡರು ಸುಮ್ಮನಿರುವವರಲ್ಲ, ಮಾಲೀಕರ ತನಕ ಹೋಗುತ್ತಾರೆ, ನಿಮ್ಮ ಮಾತೇ ನಿಜ ಎಂದು ತೋರಿಸಲು ಏನಾದರೂ ಆಗದಿದ್ದರೆ ನಿಮ್ಮನ್ನು ಉಳಿಸಿಕೊಳ್ಳುವುದು ನನಗೂ ಕಷ್ಟ ಎಂದು ಸೇರಿಸಿದರು. ಆಗ ಧೈರ್ಯ ಮಾಡಿ, ನನಗೊಂದು ಕಾರ್ಡು ಕೊಡಿಸಿ ಸಾರ್ ಎಂದು ಕೇಳಿದೆ. ಗಣಿಗೆ ಇಳಿಯುವ ಪ್ರತಿಯೊಬ್ಬನಿಗೂ ಒಂದು ಹಿತ್ತಾಳೆ ಬಿಲ್ಲೆ ಇರುವ ಊರು ನಮ್ಮದು. ಅಲ್ಲಿ ಬಿಲ್ಲೆ ಇಲ್ಲದ ಮನುಷ್ಯ ನಾನೊಬ್ಬನೇ. ನೋಡೋಣ ಎಂದರು ಸಂಪಾದಕರು. ಪತ್ರಿಕಾ ಕಚೇರಿಯಲ್ಲಿ ನೋಡೋಣ ಎಂದರೆ ಏನು ಎಂಬುದು ನನಗೆ ಗೊತ್ತಿತ್ತು.

ನನ್ನ ತಾಯಿಗೂ ಗೊತ್ತಾಯಿತು. ಆಕೆ ಸಂಪಾದಕರ ಮೇಲೆ ನಂಬಿಕೆ ಇಡದೆ ನೇರವಾಗಿ ತಿರುಪತಿ ವೆಂಕಟರಮಣನಿಗೇ ಅರ್ಜಿ ಹಾಕಿದಳು. ನಮ್ಮ ಸೀನನಿಗೆ ಕಾರ್ಡು ಬಂದರೆ ಮುಡಿ ಕೊಡಿಸುತ್ತೇನೆ ಎಂದು ಹರಕೆ. ಹರಕೆ ಹೊತ್ತದ್ದು ಅವಳು, ಮುಡಿ ನನ್ನದು. ದೇವರ ಜೊತೆ ವ್ಯವಹಾರ ಮಾಡುವಾಗ ನಮ್ಮ ಮನೆಯಲ್ಲಿ ಯಾವಾಗಲೂ ಹೀಗೆಯೇ. ಅವಳು ಮಾತು ಕೊಡುವುದು, ಉಳಿದವರು ಉಪವಾಸ ಮಾಡುವುದು, ಉರುಳುವುದು, ಬೋಳಿಸಿಕೊಳ್ಳುವುದು. ಕಾರ್ಡಿಗೆ ಬೇಕೆಂದು ಪೇಟೆಯ ಸ್ಟುಡಿಯೋದಲ್ಲಿ ಫೋಟೋ ತೆಗೆಸಿದೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಕ್ರಾಪನ್ನು ಅಲೆಯಂತೆ ಎತ್ತಿ ಬಾಚಿ, ಮೀಸೆ ತಿದ್ದಿಸಿ, ಸ್ಟುಡಿಯೋದವರೇ ಇಟ್ಟಿದ್ದ ಕೋಟು ತೊಟ್ಟುಕೊಂಡು ಕೂತೆ. ಅದನ್ನು ನೋಡಿದರೆ ಮಂತ್ರಿಗಳೇ ಎದ್ದು ನಿಂತು ಸಂದರ್ಶನ ಕೊಡಬೇಕು, ಹಾಗಿತ್ತು.

ವೆಂಕಟರಮಣನೋ ಸಂಪಾದಕರೋ, ಒಂದು ಬೆಳಿಗ್ಗೆ ಪೇಪರಿನ ಕಟ್ಟಿನ ಜೊತೆಯಲ್ಲೇ ಕಾರ್ಡು ಬಂತು. ಆವತ್ತು ಪೇಪರು ಮಾರಿದ್ದು ನೆನಪಿಲ್ಲ, ಕಾರ್ಡು ತೋರಿಸಿದ್ದು ಮಾತ್ರ ನೆನಪಿದೆ. ಮಾರಿಕುಪ್ಪಂ ರೈಲಿನಲ್ಲಿ ಟಿಕೆಟ್ ಕಲೆಕ್ಟರರಿಗೆ ಗಂಭೀರವಾಗಿ ತೋರಿಸಿದೆ. ಅವರು ಅದನ್ನು ಪೂರ್ತಿ ಓದಿ, ಬಹಳ ಸಂತೋಷ ಸೀನಪ್ಪ, ಈಗ ಪಾಸು ತೋರಿಸು ಎಂದರು. ಟೀ ಅಂಗಡಿಯಲ್ಲಿ ಕಾರ್ಡು ಬೆಂಚಿನ ಆ ತುದಿಯಿಂದ ಈ ತುದಿಗೆ ಮೂರು ಭಾಷೆಗಳಲ್ಲಿ ಓಡಾಡಿ, ಮೂಲೆಯಲ್ಲೊಂದು ಟೀ ಕಲೆಯೊಂದಿಗೆ ವಾಪಸು ಬಂತು. ಕುಪ್ಪಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಇದ್ರಾಗೆ ಕೊಳಾಯಿ ಬತ್ತದಾ?” ಎಂದು ಕೇಳಿ ಕೊಟ್ಟುಬಿಟ್ಟಳು. ನನ್ನ ಹೆಮ್ಮೆಗೆ ಇದರಿಂದ ಏನೂ ಧಕ್ಕೆಯಾಗಲಿಲ್ಲ. ಮನೆಗೆ ಬಂದು ಕಾರ್ಡನ್ನು ದೇವರ ಪಟದ ಮುಂದಿಟ್ಟು, ತಾಯಿ ಅದಕ್ಕೆ ಕುಂಕುಮ ಹಚ್ಚಲು ಬಂದಾಗ ಮಾತ್ರ ಕೈ ಅಡ್ಡ ಹಿಡಿದೆ.

ಹರಕೆಯನ್ನು ತಡ ಮಾಡಿದರೆ ಬಂದ ಕಾರ್ಡು ಹಿಂದಕ್ಕೆ ಹೋದೀತು ಎಂದು ತಾಯಿ ಒಂದೇ ಸಮನೆ ಹೇಳತೊಡಗಿದಳು. ತಾಯಿ ಮಗ ಇಬ್ಬರೂ ತಿರುಪತಿಗೆ ಹೋದೆವು. ಅಲ್ಲಿ ಮುಡಿ ತೆಗೆಯುವವರು ನಿಮ್ಮ ಅಭಿಪ್ರಾಯ ಕೇಳುತ್ತ ಕೂರುವುದಿಲ್ಲ, ಹಿಂದೆ ಸಾಲು ಕಾಯುತ್ತಿರುತ್ತದೆ. ಅಲೆಯಂತಿದ್ದ ಕ್ರಾಪು ಮಡಿಲಿಗೆ ಬಿತ್ತು. ಸದ್ಯ ಮುಗಿಯಿತಲ್ಲ ಎಂದು ತಲೆ ಎತ್ತುವಷ್ಟರಲ್ಲಿ ಕತ್ತಿ ಮೂಗಿನ ಕೆಳಗೂ ಓಡಿ ಮೀಸೆ ಇಲ್ಲವಾಯಿತು. ತಾಯಿ ನನ್ನನ್ನು ನೋಡಿ, ಚಿಕ್ಕಂದಿನಲ್ಲಿ ಹೀಗೇ ಇದ್ದೆ ಕಣಪ್ಪ ಎಂದು ಕಣ್ಣು ತುಂಬಿಕೊಂಡಳು. ನಾನು ಜೇಬು ಮುಟ್ಟಿ ನೋಡಿಕೊಂಡೆ, ಕಾರ್ಡು ಭದ್ರವಾಗಿತ್ತು. ಕಾರ್ಡಿನೊಳಗಿರುವವನಿಗೂ ನನಗೂ ಆ ಕ್ಷಣದಿಂದ ಸಂಬಂಧ ತಪ್ಪಿಹೋಯಿತು ಎಂಬುದು ನನಗಾಗಲಿ ತಾಯಿಗಾಗಲಿ ಹೊಳೆಯಲಿಲ್ಲ. ದೇವರಿಗಾದರೂ ಹೊಳೆದಿದ್ದರೆ ಮೀಸೆ ಉಳಿಸಬಹುದಿತ್ತು.

ಊರಿಗೆ ಬಂದರೆ ಮಂತ್ರಿಗಳು ಗಣಿಗೆ ಭೇಟಿ ಕೊಡುವ ಸುದ್ದಿ. ಒಂದು ಬಂಗಲೆಯ ಆವರಣದಲ್ಲಿ ಸಭೆ. ಕರೆ ಬಂದವರಿಗೂ ಕಾರ್ಡು ಇರುವ ಪತ್ರಿಕೆಯವರಿಗೂ ಮಾತ್ರ ಪ್ರವೇಶ. ಏರ್ಪಾಟೆಲ್ಲ ನಮ್ಮ ಮುಖಂಡರದು. ಆ ಸಭೆಯಲ್ಲಿ ನೀರಿನ ವಿಷಯ ಬರುತ್ತದೆ, ಕೊಳಾಯಿಯ ಮಾತು ನಾನು ಕೊಟ್ಟೇ ಇಲ್ಲ ಎಂದು ಮುಖಂಡರು ಮಂತ್ರಿಗಳ ಎದುರಿಗೇ ಹೇಳಿ ಮುಗಿಸುತ್ತಾರೆ ಎಂದು ಟೀ ಅಂಗಡಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಅಲ್ಲಿ ಹೇಳಿ ಮುಗಿಸಿದರೆ ಅದೇ ಸತ್ಯ. ಅಕ್ಕನ ಮಗ ಹೆಗಲಿಗೆ ಕಟ್ಟು ಏರಿಸಬಹುದು, ನಾನು ಮನೆಯಲ್ಲಿ ಕೂತು ಕಾರ್ಡಿಗೆ ಕುಂಕುಮ ಹಚ್ಚಿಕೊಳ್ಳಬಹುದು. ಹೇಗಾದರೂ ಒಳಗೆ ಹೋಗಲೇಬೇಕು. ಮುಖಂಡರು ಹಾಗೆ ಹೇಳುವಾಗ ನಾನು ಅವರ ಕಣ್ಣೆದುರಿಗೆ ಕೂತಿರಬೇಕು. ಒಗೆದ ಅಂಗಿ ತೊಟ್ಟು, ಬೋಳುತಲೆಗೆ ಟೋಪಿ ಹಾಕಿದರೆ ಯಾವುದೋ ಪಕ್ಷದವನೆಂದುಕೊಂಡಾರೆಂದು ಹಾಗೆಯೇ ಹೊರಟೆ.

ಗೇಟಿನಲ್ಲಿ ಗೋವಿಂದಸ್ವಾಮಿ ಎಂಬ ವಾಚ್‌ಮನ್. ಹಿಂದೆ ಮಿಲಿಟರಿಯಲ್ಲಿದ್ದವರು, ಆ ಕಡೆಗೆ ಹೊಸಬರು, ನನ್ನ ಹತ್ತಿರ ಪೇಪರು ಕೊಂಡವರಲ್ಲ. ನಾನು ಜೀವಮಾನದಲ್ಲಿ ಕಾಯುತ್ತಿದ್ದದ್ದೇ ಇಂಥ ಗಳಿಗೆಗೆ. ಎರಡು ಬೆರಳಲ್ಲಿ ಕಾರ್ಡು ಹಿಡಿದು ಮುಂದೆ ಚಾಚಿದೆ. ಅವರು ಅದನ್ನು ತೆಗೆದುಕೊಂಡು ನೋಡಿದರು, ನನ್ನನ್ನು ನೋಡಿದರು, ಕಾರ್ಡನ್ನು ನನ್ನ ಕಿವಿಯ ಪಕ್ಕಕ್ಕೆ ಹಿಡಿದು ಎರಡನ್ನೂ ಒಟ್ಟಿಗೆ ನೋಡಿದರು.

“ಇದ್ಯಾರು?”

“ನಾನೇ.”

“ಇವ್ರಿಗೆ ಕ್ರಾಪ್ ಇದೆ.”

“ತಿರುಪತಿಗೆ ಕೊಟ್ಟೆ.”

“ಮೀಸೆ?”

“ಅದೂ ಅಲ್ಲೇ.”

ತಿರುಪತಿ ಎಂದ ಕೂಡಲೇ ಅವರು ಕಾರ್ಡು ಹಿಡಿದ ಕೈಯನ್ನೇ ಜೋಡಿಸಿ ಕಣ್ಣು ಮುಚ್ಚಿ ಗೋವಿಂದಾ ಎಂದರು. ನನಗೆ ಆಸೆ ಚಿಗುರಿತು. ಕಣ್ಣು ತೆರೆದು, “ಸಾಮಿ ದೊಡ್ಡವ್ರು. ಆದ್ರೆ ಉಳ್ಳೆ ಬಿಡೋಕಾಗಲ್ಲ” ಎಂದು, ಒಳಗೆ ಎಂಬುದನ್ನು ತಮಿಳಿನಲ್ಲೇ ಹೇಳಿ, ಗೇಟಿಗೆ ಅಡ್ಡ ನಿಂತರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಫೋಟೋ ನೋಡಿ ಬಿಡಿ ಎಂದು ಅವರಿಗೆ ಹೇಳಿದ್ದರು, ಅವರು ಫೋಟೋ ನೋಡಿದರು. ನನ್ನ ಹೆಸರಿಗೆ ಪುರಾವೆಯಾಗಬೇಕಿದ್ದ ಕಾರ್ಡೇ ನಾನು ನಾನಲ್ಲ ಎಂದು ಸಾಕ್ಷಿ ಹೇಳುತ್ತಿತ್ತು.

ಅಷ್ಟರಲ್ಲಿ ಮಂತ್ರಿಗಳನ್ನು ಎದುರುಗೊಳ್ಳಲು ಮುಖಂಡರು ಹಾರ ಹಿಡಿದುಕೊಂಡು ಗೇಟಿಗೆ ಬಂದರು. ಗೋವಿಂದಸ್ವಾಮಿಯವರು ಕಾರ್ಡನ್ನು ಅವರಿಗೆ ಕೊಟ್ಟು ಇವರನ್ನು ಬಲ್ಲಿರಾ ಎಂದು ಕೇಳಿದರು. ಮುಖಂಡರು ಕಾರ್ಡನ್ನು ಬಹಳ ಗೌರವದಿಂದ ನೋಡಿದರು. ಆಮೇಲೆ ನನ್ನ ತಲೆಯನ್ನು ಇನ್ನೂ ಹೆಚ್ಚು ಸಂತೋಷದಿಂದ ನೋಡಿ, ಕಾರ್ಡಿನಲ್ಲಿರುವವರು ಬೇರೆ, ಇವರನ್ನು ನಾನು ನೋಡಿಲ್ಲ ಎಂದರು. ಕಾರ್ಡಿಲ್ಲದವನು ಎಂದು ನನ್ನನ್ನು ದೂರಿದ್ದ ಮನುಷ್ಯ ಈಗ ಕಾರ್ಡನ್ನು ಪೂರ್ತಿಯಾಗಿ ನಂಬಿ ನನ್ನನ್ನು ಪೂರ್ತಿಯಾಗಿ ಬಿಟ್ಟುಬಿಟ್ಟರು. ಅಳು ಬರುವಂತಾಯಿತು. ಮೀಸೆ ಇಲ್ಲದ ಮುಖದಲ್ಲಿ ಅಳು ಎಷ್ಟು ಬೇಗ ಕಾಣುತ್ತದೆ ಎಂಬುದು ಆವತ್ತು ತಿಳಿಯಿತು.

ರಸ್ತೆಯ ಆಚೆ ಕೊನೇ ಲೈನಿನ ಹೆಂಗಸರು ಖಾಲಿ ಬಿಂದಿಗೆ ಇಟ್ಟುಕೊಂಡು ನಿಂತಿದ್ದರು. ಮಂತ್ರಿಗಳಿಗೆ ತೋರಿಸಲು ತಂದದ್ದು. ಅವರ ಮುಂದೆ ಕುಪ್ಪಮ್ಮ. ನಾನು ತಿರುಪತಿಗೆ ಹೋಗಿ ಬರುವವರೆಗೆ ಅವಳ ಬೆಳಗಿನ ವಿಚಾರಣೆ ತಪ್ಪಿಹೋಗಿತ್ತು. ನನ್ನನ್ನು ಕಂಡವಳೇ ರಸ್ತೆ ದಾಟಿ ಬಂದಳು. “ಏನಪ್ಪಾ ಪೇಪರಪ್ಪ, ತಲೆ ಬೋಳಿಸ್ಕೊಂಡ್ರೆ ಗುರ್ತು ಸಿಕ್ಕಾಕಿಲ್ಲ ಅಂದ್ಕಂಡ್ಯಾ? ಕೊಳಾಯಿ ಎಲ್ಲಿ?” ಎಂದು ಗೇಟು ನಡುಗುವ ಹಾಗೆ ಕೇಳಿದಳು. ನಾನು ಅವಳಿಂದ ತಪ್ಪಿಸಿಕೊಳ್ಳಲು ವೇಷ ಹಾಕಿದ್ದೇನೆ ಎಂದು ಅವಳ ನಂಬಿಕೆ. ಬೇರೆ ದಿನವಾಗಿದ್ದರೆ ಈ ಅಪವಾದಕ್ಕೆ ನಾನು ಮುಖ ಸಿಂಡರಿಸಿಕೊಳ್ಳುತ್ತಿದ್ದೆ. ಆವತ್ತು ಅವಳ ಕಾಲಿಗೆ ಬೀಳಬೇಕೆನಿಸಿತು. ಬೋಳುತಲೆಯೊಳಗೆ ಇರುವವನು ಯಾರು ಎಂದು ಗೊತ್ತಿರುವವರು ಇಡೀ ರಸ್ತೆಯಲ್ಲಿ ಅವಳೊಬ್ಬಳಾದರೂ ಇದ್ದಳಲ್ಲ.

ಅದೇ ಹೊತ್ತಿಗೆ ಮಂತ್ರಿಗಳ ಕಾರು ಬಂದು ಗೇಟಿನ ಮುಂದೆ ನಿಂತಿತು. ಕೊಳಾಯಿ ಎಂಬ ಕೂಗು ಅವರ ಕಿವಿಗೂ ಬಿದ್ದಿತ್ತು. ಇಳಿದು ಬಂದು, ಹಾರಕ್ಕೆ ಕೊರಳು ಕೊಡದೆ, ಏನಮ್ಮ ಗಲಾಟೆ ಎಂದು ಕುಪ್ಪಮ್ಮನನ್ನು ಕೇಳಿದರು. ಅವಳು ನನ್ನ ರಟ್ಟೆ ಹಿಡಿದು ಮುಂದಕ್ಕೆ ಎಳೆದು, ಕೊಳಾಯಿ ಬರುತ್ತದೆ ಎಂದು ಪೇಪರಿನಲ್ಲಿ ಬರೆದವನು ಇವನೇ ಎಂದು ಒಪ್ಪಿಸಿದಳು. ಮಂತ್ರಿಗಳು ನನ್ನನ್ನು ನೋಡಿ, “ಬರೆದದ್ದು ನೀವು. ಹೇಳಿದ್ದು ಯಾರು?” ಎಂದರು.

ನನ್ನ ಮುಂದೆ ಮುಖಂಡರು ಹಾರ ಹಿಡಿದು ನಿಂತಿದ್ದರು. “ಹೇಳಿದವರು ಇವರು ಸಾರ್, ಬರೆದವನು ನಾನು” ಎಂದೆ. ಮುಖಂಡರು ಬಾಯಿ ತೆರೆದರು. ಅವರಿಗಿಂತ ಮುಂಚೆ ಕುಪ್ಪಮ್ಮ, “ಇವ್ನು ಸುಳ್ ಬರ್ಯಾಕಿಲ್ಲ ಸಾಮಿ. ಬರ್ದ್ರೆ ಬೆಳಿಗ್ಗೆ ನಮ್ಮ ಮುಂದ್ಕೇ ಬಂದು ಮಾರ್ಬೇಕಲ್ಲ” ಎಂದಳು. ಹಿಂದಿನಿಂದ ಬಿಂದಿಗೆಗಳೆಲ್ಲ ಹೌದು ಹೌದು ಎಂದವು, ಒಂದು ಆಮಾ ಎಂದಿತು, ಒಂದು ಅವುನು ಎಂದಿತು.

ಮುಖಂಡರು ನಿಜಕ್ಕೂ ದೊಡ್ಡ ಮನುಷ್ಯರು. ಗಾಳಿ ಎತ್ತ ಬೀಸುತ್ತಿದೆ ಎಂದು ತಿಳಿಯಲು ಅವರಿಗೆ ಹೆಚ್ಚು ಹೊತ್ತು ಬೇಕಾಗುತ್ತಿರಲಿಲ್ಲ. ಹೌದು ಸಾರ್, ನಾನೇ ಹೇಳಿದ್ದೆ, ಕೆಲಸ ನಡೆಯುತ್ತಿದೆ ಎಂದು ನಕ್ಕು, ಹಾರವನ್ನು ಮಂತ್ರಿಗಳಿಗೆ ಹಾಕಿ, ಕಾರ್ಡನ್ನು ನನ್ನ ಜೇಬಿಗೆ ಸೇರಿಸಿ, ಆ ಖಾಲಿಯಾದ ಕೈಯನ್ನು ನನ್ನ ಹೆಗಲ ಮೇಲಿಟ್ಟು, ಇವರು ನಮ್ಮ ಸೀನಪ್ಪನವರು, ನಮ್ಮ ವರದಿಗಾರರು ಎಂದು ಪರಿಚಯ ಮಾಡಿಕೊಟ್ಟರು. ಗೋವಿಂದಸ್ವಾಮಿಯವರು ಕಾರ್ಡು ನೋಡದೆಯೇ ನನಗೆ ಮಿಲಿಟರಿ ಸಲಾಮು ಹೊಡೆದರು. ನಾನು ಬೋಳುತಲೆ ಎತ್ತಿಕೊಂಡು ಒಳಗೆ ಹೋದೆ. ಈ ಜನ್ಮದಲ್ಲಿ ಅಷ್ಟು ಎತ್ತರವಾಗಿ ನಾನು ಮತ್ತೆಂದೂ ನಡೆದಿಲ್ಲ. ಒಳಗೆ ಮಂತ್ರಿಗಳು ಕೊನೇ ಲೈನಿಗೆ ಕೊಳಾಯಿ ಹಾಕಿಸುವ ಮಾತನ್ನು ಎಲ್ಲರ ಮುಂದೆ ತಾವೇ ಆಡಿದರು, ನಾನು ಬರೆದೆ. ಸಂಪಾದಕರು ಅದನ್ನು ಮೊದಲ ಪುಟದಲ್ಲಿ ಹಾಕಿದರು. ಅಕ್ಕನ ಮಗ ಆಮೇಲೆ ರೇಷನ್ ಅಂಗಡಿ ಇಟ್ಟನೆಂದು ಕೇಳಿದೆ.

ಕೊಳಾಯಿ ಬಂತು. ಯಾವ ಯುಗಾದಿಯೊಳಗೆ ಎಂದು ಮಾತ್ರ ಕೇಳಬೇಡಿ, ಅಷ್ಟರಲ್ಲಿ ನನ್ನ ಕ್ರಾಪು ಬೆಳೆದು ಅಲೆ ಎದ್ದಿತ್ತು, ಮೀಸೆಯೂ ತನ್ನ ಜಾಗಕ್ಕೆ ಮರಳಿತ್ತು. ಮುಖಂಡರು ತಿರುಪನ್ನು ತಿರುಗಿಸಿದರು, ಪೈಪು ಕೆಮ್ಮಿ, ಕ್ಯಾಕರಿಸಿ, ಕೊನೆಗೆ ನೀರು ಬಿಟ್ಟಿತು. ಚಪ್ಪಾಳೆ ಆಯಿತು. ಮೊದಲ ಬಿಂದಿಗೆ ಕುಪ್ಪಮ್ಮನದು. ಆದರೆ ಅವಳು ಅದನ್ನು ಹೊತ್ತುಕೊಂಡು ಹೋಗದೆ ನನ್ನ ಮುಂದೆ ತಂದಳು. “ನೀನು ಬರ್ದೋನು, ನೀನೇ ಮೊದ್ಲು ಕುಡಿ” ಎಂದಳು. ಕೃತಜ್ಞತೆ ಎಂದುಕೊಂಡು ಬೊಗಸೆ ಒಡ್ಡಿ ಕುಡಿದೆ. ಆಮೇಲೆ ನೋಡಿದರೆ ಇಡೀ ಸಾಲು ನನ್ನ ಮುಖವನ್ನೇ ನೋಡುತ್ತಿದೆ, ಯಾರೂ ಬಿಂದಿಗೆ ಮುಂದಿಡುತ್ತಿಲ್ಲ. ಅದು ಕೃತಜ್ಞತೆಯಲ್ಲ, ಪರೀಕ್ಷೆ. ನೀರು ಸರಿಯಿಲ್ಲದಿದ್ದರೆ ನಾಳೆ ಅವರು ಅಡ್ಡಗಟ್ಟಬೇಕಾದ್ದು ನನ್ನನ್ನೇ ತಾನೆ. ಮುಖಂಡರು, ಹೇಗಿದೆ ಸೀನಪ್ಪನವರೇ, ಅಮೃತ ತಾನೆ ಎಂದು ಕೇಳಿದರು.

ನಾನು, ಸ್ವಲ್ಪ ತುಕ್ಕಿನ ವಾಸನೆ ಇದೆ, ನಾಲ್ಕು ದಿನ ಹರಿದರೆ ಹೋಗುತ್ತದೆ, ಕುಡಿಯಬಹುದು ಎಂದೆ. ಮುಖಂಡರ ಮುಖ ತುಕ್ಕು ಹಿಡಿಯಿತು. ಕುಪ್ಪಮ್ಮ ತಲೆಯಾಡಿಸಿ, ತಾನೂ ಒಂದು ಬೊಗಸೆ ಕುಡಿದು, “ತುಕ್ಕಿಂದೂ ಬರಿ” ಎಂದಳು. ಆಮೇಲೆ ಬಿಂದಿಗೆಗಳು ಒಂದೊಂದಾಗಿ ಸಾಲಿಗೆ ನಿಂತವು. ತುಕ್ಕಿನ ವಿಷಯವನ್ನೂ ಬರೆದೆ. ನನ್ನ ಬರವಣಿಗೆಗೆ ಅಲ್ಲಿ ಇಲ್ಲಿ ಒಂದೆರಡು ಸನ್ಮಾನಗಳಾಗಿವೆ, ಶಾಲುಗಳನ್ನು ತಾಯಿ ನೆಂಟರಿಗೆ ಹಂಚಿಬಿಟ್ಟಿದ್ದಾಳೆ. ಆ ಬೊಗಸೆ ನೀರಿಗೆ ಮಾತ್ರ ನಾನು ಯಾವುದನ್ನೂ ಸಮ ಎನ್ನುವುದಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ತುಕ್ಕನ್ನೂ ಬರೆದವನು ಇದನ್ನು ಬಿಡುವುದು ಹೇಗೆ? ಕೆಲವು ದಿನಗಳ ಮೇಲೆ ಕಾಮಸಮುದ್ರದ ಕಡೆಯ ಒಬ್ಬ ಹಿರಿಯರು ಬಂಗಾರಪೇಟೆಯ ನಮ್ಮ ಮನೆ ಹುಡುಕಿಕೊಂಡು ಬಂದರು. ನಂದಿದುರ್ಗದ ಲೈನಿನಲ್ಲಿ ಅವರ ಷಡ್ಡಕ ಇದ್ದನಂತೆ. ಈ ಮನೆಯಲ್ಲಿ ಪೇಪರಿನವರು ಒಬ್ಬರಿದ್ದಾರೆ, ಅವರು ಬರೆದದ್ದು ಸುಳ್ಳಾಗುವುದಿಲ್ಲ ಎಂದು ಅವನು ಹೇಳಿ ಕಳಿಸಿದ್ದ. ಇವರ ಊರಿಗೆ ಬಸ್ಸು ಬಿಡಿಸುತ್ತೇವೆ ಎಂದು ಯಾರೋ ಸಭೆಯಲ್ಲಿ ಹೇಳಿಹೋಗಿದ್ದರು, ಅದನ್ನು ಒಂದಿಷ್ಟು ಬರೆಸಬೇಕಾಗಿತ್ತು. ನನ್ನ ಎದೆ ಉಬ್ಬಿತು. ನಾನೇ ಅವರು ಎಂದೆ. ಅವರು ನನ್ನನ್ನು ಆಪಾದಮಸ್ತಕ ನೋಡಿ, ಒಳಗೆ ಇನ್ಯಾರಾದರೂ ಇದ್ದಾರೆಯೇ ಎಂದು ಬಾಗಿಲ ಕಡೆ ಇಣುಕಿದರು. ಆಗ ಒಳಗೆ ಹೋಗಿ ಕಾರ್ಡು ತಂದು ಎರಡು ಬೆರಳಲ್ಲಿ ಹಿಡಿದು ಚಾಚಿದೆ. ಈಗ ಏನು ಭಯ? ಕ್ರಾಪಿಗೆ ಕ್ರಾಪು, ಮೀಸೆಗೆ ಮೀಸೆ, ಎಳ್ಳಷ್ಟೂ ವ್ಯತ್ಯಾಸವಿಲ್ಲ.

ಹಿರಿಯರು ಕಾರ್ಡನ್ನು ಬೆಳಕಿಗೆ ಹಿಡಿದು, ನನ್ನ ಮುಖಕ್ಕೆ ಹೋಲಿಸಿ, ವಿನಯದಿಂದಲೇ ವಾಪಸು ಕೊಟ್ಟರು. “ಪೋಟೋ ನಿಮ್ದೇ ಸಾಮಿ, ಅದ್ರಾಗೆ ಅನುಮಾನ ಇಲ್ಲ. ಆದ್ರೆ ನಂಗೆ ಬೇಕಾಗಿರೋರು ನೀವಲ್ಲ, ಮಂತ್ರಿಗಳ ಮುಂದೆ ನಿಂತು ಯೇಳಿದೋರು, ಬೋಳುತಲೆಯೋರು. ಅವ್ರು ಬರೋಗಂಟ ಕೂತಿರ್ತೀನಿ” ಎಂದು ಜಗುಲಿಯ ಮೇಲೆ ಟವೆಲು ಹಾಸಿ ಕೂತುಬಿಟ್ಟರು.

ನಾನು ಕಾರ್ಡನ್ನು ಜೇಬಿಗೆ ಸೇರಿಸಿ ಒಳಗೆ ಹೋದೆ. ತಾಯಿ ಅಕ್ಕಿ ಆರಿಸುತ್ತಿದ್ದಳು. ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದೆ, ಅಮ್ಮಾ, ತಿರುಪತಿಗೆ ತೀರಿಸಬೇಕಾದ ಹರಕೆ ಇನ್ನೇನಾದರೂ ಬಾಕಿ ಇದೆಯೇ ಎಂದು.